ಶ್ರಾವಣದ ಕೆಮ್ಮು

ನನ್ನ ಗಂಡ ವರ್ಷಕ್ಕೊಮ್ಮೆ ಬೀಡಿ ಬಿಡುತ್ತಿದ್ದರು. ಶ್ರಾವಣ ಮಾಸ ಹುಟ್ಟಿದ ದಿನ ಬಿಟ್ಟು, ಬೆನಕನ ಅಮಾವಾಸ್ಯೆ ಕಳೆದ ಮರುದಿನ ಮತ್ತೆ ಹಿಡಿಯುತ್ತಿದ್ದರು. ನಡುವಿನ ಆ ಒಂದು ತಿಂಗಳು ಮನೆಯಲ್ಲಿ ಅವರ ಕೆಮ್ಮು ಬಿಟ್ಟರೆ ಬೇರೆ ಸದ್ದು ಕೇಳುತ್ತಿರಲಿಲ್ಲ. ಆ ಕೆಮ್ಮಿಗೆ ಒಂದು ಹೆಸರೇ ಇತ್ತು, ಶ್ರಾವಣದ ಕೆಮ್ಮು. ಬೀಡಿ ಸೇದಿದರೆ ಕೆಮ್ಮು ಬರುತ್ತದೆ ಎಂದು ಲೋಕವೆಲ್ಲ ಹೇಳುತ್ತಿದ್ದ ತೊಂಬತ್ತರ ದಶಕದಲ್ಲಿ, ಶಿಕಾರಿಪುರದ ನಮ್ಮ ಮನೆಯಲ್ಲಿ ಮಾತ್ರ ಬೀಡಿ ಬಿಟ್ಟರೆ ಕೆಮ್ಮು ಬರುತ್ತದೆ ಎಂಬುದು ಅನುಭವದಿಂದ ಗಟ್ಟಿಯಾದ ಮಾತಾಗಿತ್ತು. ಆ ಮನೆಗೆ ಸೊಸೆಯಾಗಿ ಬಂದ ನಾನು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಮಾಡುತ್ತಿದ್ದೆ. ನನ್ನ ಹಣೆಬರಹ ನೋಡಿ.

ನಾನು ಹುಟ್ಟಿದ್ದು ಸೊರಬದಲ್ಲಿ, ಕೊಟ್ಟಿದ್ದು ಶಿಕಾರಿಪುರಕ್ಕೆ. ಗಂಡನ ಭತ್ತದ ವ್ಯಾಪಾರ ಮಾತ್ರ ಸೊರಬದಲ್ಲೇ. ಹಾಗಾಗಿ ನಾನು ಅಳುತ್ತ ಬಿಟ್ಟು ಬಂದ ಊರಿಗೆ ಅವರು ದಿನಾ ಬೆಳಿಗ್ಗೆ ನಗುನಗುತ್ತ ಬಸ್ಸು ಹತ್ತುತ್ತಿದ್ದರು. "ನಿನ್ನ ತವರಿಗೆ ನಿನಗಿಂತ ನಾನೇ ಹೆಚ್ಚು ಹೋಗ್ತೀನಿ ನೋಡು" ಎಂದು ಕಿಚಾಯಿಸುವುದು ಬೇರೆ. ಮಾತಿನಲ್ಲಿ ಅವರನ್ನು ಗೆಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ನಾನು ಪಾಠ ಮಾಡಬಲ್ಲೆ, ಅವರು ಚೌಕಾಸಿ ಮಾಡಬಲ್ಲರು. ಮನೆಯಲ್ಲಿ ಯಾವಾಗಲೂ ಗೆಲ್ಲುವುದು ಚೌಕಾಸಿಯೇ.

ಅವರ ವ್ಯಾಪಾರದ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಮಾರ್ಕೆಟ್ ಯಾರ್ಡಿಗೆ ರೈತ ಭತ್ತದ ಚೀಲ ತಂದು ಇಳಿಸುತ್ತಾನೆ. ತಕ್ಷಣ ದರದ ಮಾತೆತ್ತುವಂತಿಲ್ಲ. ಮೊದಲು ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಬೀಡಿ ಹಚ್ಚಬೇಕು. ಮಳೆ, ಬೆಳೆ, ಮನೆಮಂದಿಯ ಕ್ಷೇಮ ಎಲ್ಲ ಮುಗಿಯುವ ಹೊತ್ತಿಗೆ ಬೀಡಿಯೂ ಮುಗಿಯುತ್ತದೆ. ಆಮೇಲೆ ಚೀಲದಿಂದ ಒಂದು ಹಿಡಿ ಭತ್ತ ತೆಗೆದು, ಎರಡೂ ಅಂಗೈ ನಡುವೆ ಹೊಸಕಿ, ಒಂದು ಅಂಗೈಯಲ್ಲಿ ಹರಡಿಕೊಂಡು, ಒಂದೇ ಉಸಿರಿಗೆ ಫೂ ಎಂದು ಊದಬೇಕು. ಜೊಳ್ಳು, ಹೊಟ್ಟು ಹಾರಿಹೋಗುತ್ತದೆ, ಗಟ್ಟಿ ಕಾಳು ಅಂಗೈಯಲ್ಲಿ ಉಳಿಯುತ್ತದೆ. ಉಳಿದದ್ದನ್ನು ನೋಡಿ ದರ. ಎಲ್ಲ ವ್ಯಾಪಾರಿಗಳೂ ಹೀಗೆಯೇ ಮಾಡುತ್ತಿದ್ದರು. ಆದರೆ ಕೆಲವರು ಬೇಕೆಂದೇ ಜೋರಾಗಿ ಊದಿ ಗಟ್ಟಿ ಕಾಳನ್ನೂ ಹಾರಿಸಿ, ಭತ್ತ ಹಗುರ ಎಂದು ದರ ಇಳಿಸುತ್ತಿದ್ದರು. ನಮ್ಮವರ ಉಸಿರಿಗೆ ಆ ಕೆಟ್ಟ ಹೆಸರು ಇರಲಿಲ್ಲ. ಅವರು ಊದಿದ ಮೇಲೆ ಮಾರುವವನೂ ಮರುಮಾತಾಡುತ್ತಿರಲಿಲ್ಲ. ಅಂಜನಾಪುರದ ಕಡೆಯ ರೈತರು ಕೂಡ ಹತ್ತಿರದ ಮಾರುಕಟ್ಟೆ ಬಿಟ್ಟು ಇವರನ್ನು ಹುಡುಕಿಕೊಂಡು ಸೊರಬಕ್ಕೆ ಭತ್ತ ತರುತ್ತಿದ್ದುದು ಇದಕ್ಕೇ.

ಅಂದರೆ ಅವರ ಬಂಡವಾಳ ಉಸಿರು. ಅದನ್ನು ದಿನವಿಡೀ ಭತ್ತದ ದೂಳಿನಲ್ಲಿ ನೆನೆಸಿ, ಬೀಡಿಯ ಹೊಗೆಯಲ್ಲಿ ಒಣಗಿಸುತ್ತಿದ್ದರು. ರೈತನಿಗೊಂದು ಬೀಡಿಯಂತೆ ಲೆಕ್ಕ ಹಿಡಿದರೆ ಸುಗ್ಗಿಯಲ್ಲಿ ದಿನಕ್ಕೆ ಎಷ್ಟಾಗುತ್ತಿತ್ತೋ, ನಾನು ಲೆಕ್ಕ ಮಾಡಲು ಹೋಗಲಿಲ್ಲ. ಮಾಡಿದ್ದರೆ ನನ್ನ ಎದೆಯೇ ಹಿಡಿದುಕೊಳ್ಳುತ್ತಿತ್ತು.

ಎಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಬೆಳಗಿನ ಬೀಡಿ. ಎದ್ದ ಕೂಡಲೇ ಜಗಲಿಯ ಮೇಲೆ ಕೂತು ಹಚ್ಚುವುದು, ಎರಡು ದಮ್ಮು ಎಳೆಯುವುದು, ಮುಖ ಕೆಂಪಾಗುವಷ್ಟು ಕೆಮ್ಮುವುದು, ಕಫ ಉಗುಳುವುದು, ಆಮೇಲೆ ಸಂತೃಪ್ತಿಯಿಂದ "ಎದೆ ಹಗುರಾತು" ಎನ್ನುವುದು. ಒಳಗಿನಿಂದ ಅತ್ತೆ, "ನೋಡು, ಬೀಡಿ ಸೇದಿದ್ಮ್ಯಾಲೇನೇ ಕಫ ಕಿತ್ತು ಬರೋದು" ಎನ್ನುತ್ತಿದ್ದರು. ನನಗೆ ಕೇಳಿಸಲೆಂದೇ ಹೇಳುತ್ತಿದ್ದರು.

ನಾನು ಪ್ರತಿ ವರ್ಷ ಕಾಲೇಜಿನಲ್ಲಿ ಮಾಡುತ್ತಿದ್ದ ಪಾಠ ಇದು. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಎತ್ತರದ ಜೀವಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದರ ತಲೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳ ಗೊಂಚಲು. ಪುಸ್ತಕದಲ್ಲಿ ಅದಕ್ಕೆ ಸಿಲಿಯಾ ಎಂದು ಹೆಸರು, ನಮ್ಮ ಮನೆಯಲ್ಲಿ ಕೊನೆಯವರೆಗೂ ಅದು ಕೂದಲೇ. ಈ ಕೋಶಗಳ ನಡುನಡುವೆ ಲೋಳೆ ಸುರಿಸುವ ಬೇರೆ ಕೋಶಗಳು ಇರುತ್ತವೆ. ಉಸಿರಿನ ಜೊತೆ ಒಳಗೆ ಬಂದ ದೂಳು, ಹೊಟ್ಟು, ರೋಗಾಣು ಎಲ್ಲ ಆ ಲೋಳೆಗೆ ಅಂಟಿಕೊಳ್ಳುತ್ತವೆ. ಗಾಳಿಗೆ ಭತ್ತದ ಗದ್ದೆ ಅಲೆಯಾಡುವ ಹಾಗೆ ಕೂದಲುಗಳು ಒಂದೇ ದಿಕ್ಕಿಗೆ ಬೀಸುತ್ತ, ಲೋಳೆಯನ್ನು ಮೇಲೆ ಗಂಟಲಿನ ಕಡೆಗೆ ತಳ್ಳುತ್ತಲೇ ಇರುತ್ತವೆ. ನಮಗೆ ಗೊತ್ತೇ ಆಗದಂತೆ ಅದನ್ನು ನುಂಗಿಬಿಡುತ್ತೇವೆ. ಹಗಲಿಲ್ಲ, ರಾತ್ರಿಯಿಲ್ಲ, ರಜೆಯಿಲ್ಲ.

ಬೀಡಿಯ ಹೊಗೆ ತಾಗಿದಾಗ ಈ ಕೂದಲುಗಳು ಮೊದಲು ಮಂಕಾಗುತ್ತವೆ. ದಿನಾ ತಾಗಿದರೆ ಮೊಟಕಾಗುತ್ತವೆ, ಉದುರುತ್ತವೆ. ಲೋಳೆ ಸುರಿಸುವ ಕೋಶಗಳು ಮಾತ್ರ ಹೆಚ್ಚಾಗುತ್ತ ಹೋಗುತ್ತವೆ. ಅಂದರೆ ಕಸ ಜಾಸ್ತಿ, ಗುಡಿಸುವವರು ಕಡಿಮೆ. ನಿಂತ ಲೋಳೆಯಲ್ಲಿ ರೋಗಾಣು ಮನೆ ಮಾಡಿಕೊಂಡು ಜ್ವರ ಬರುತ್ತದೆ, ಬಂದ ಜ್ವರ ಇನ್ನಷ್ಟು ಕೂದಲುಗಳನ್ನು ತೆಗೆದುಕೊಂಡು ಹೋಗುತ್ತದೆ. ವರ್ಷಗಟ್ಟಲೆ ಹೊಡೆತ ಬಿದ್ದ ಜಾಗದಲ್ಲಿ ಆ ಎತ್ತರದ ಕೋಶಗಳೇ ಹೋಗಿ, ಚರ್ಮದಲ್ಲಿರುವಂಥ ಚಪ್ಪಟೆ ಕೋಶಗಳು ಪದರ ಪದರವಾಗಿ ಬಂದು ಕೂರುತ್ತವೆ. ಅವು ಹೊಗೆಯನ್ನು ತಡೆದುಕೊಳ್ಳುತ್ತವೆ, ಆದರೆ ಅವುಗಳ ತಲೆ ಬೋಳು. ಗುಡಿಸಲು ಬಾರದು.

ಈಗ ಬೆಳಗಿನ ಬೀಡಿಯ ಮಹಿಮೆಗೆ ಬನ್ನಿ. ರಾತ್ರಿ ಮಲಗಿದಾಗ ಬೀಡಿಯಿಲ್ಲ. ಮಂಕಾಗಿದ್ದ ಕೂದಲುಗಳು ಅಷ್ಟಿಷ್ಟು ಚೇತರಿಸಿಕೊಂಡು ಲೋಳೆಯನ್ನು ಮೇಲಕ್ಕೆ ತಂದು ನಿಲ್ಲಿಸಿರುತ್ತವೆ. ಬೆಳಿಗ್ಗೆ ಹೊಗೆ ಕೆಣಕುತ್ತದೆ, ಕೆಮ್ಮು ನುಗ್ಗುತ್ತದೆ, ಮೇಲೆ ಬಂದಿದ್ದ ಕಫ ಹೊರಗೆ ಬೀಳುತ್ತದೆ. ಕೂದಲುಗಳು ಮತ್ತೆ ಮೂರ್ಛೆ ಹೋಗುತ್ತವೆ. ರಾತ್ರಿಯಿಡೀ ಗುಡಿಸಿದವಳು ಒಬ್ಬಳು, ಹೆಸರು ಇನ್ನೊಬ್ಬಳಿಗೆ. ಸೊಸೆಯಾಗಿದ್ದ ನನಗೆ ಇದು ಬೇರೆ ಯಾರಾದರೂ ಬಿಡಿಸಿ ಹೇಳಬೇಕಾದ ಅನ್ಯಾಯವಾಗಿರಲಿಲ್ಲ.

ಶ್ರಾವಣದ ಕೆಮ್ಮೂ ಅಷ್ಟೇ. ಒಂದು ರಾತ್ರಿಯ ಬದಲು ತಿಂಗಳ ಬಿಡುವು ಸಿಕ್ಕಿದೆ. ಕೂದಲುಗಳು ಸೊಂಟ ಕಟ್ಟಿ ನಿಂತು ವರ್ಷದ ಕಸವನ್ನೆಲ್ಲ ಮೇಲಕ್ಕೆ ತಳ್ಳತೊಡಗುತ್ತವೆ. ಕೆಮ್ಮು ಹೆಚ್ಚಾಗದೆ ಇನ್ನೇನಾಗುತ್ತದೆ? ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಶ್ರಾವಣ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಅತ್ತೆ ತಾವೇ ಚಹಾದ ಲೋಟದ ಪಕ್ಕದಲ್ಲಿ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ತಂದಿಡುತ್ತಿದ್ದರು. ಹಬ್ಬದ ಎಡೆ ಇಟ್ಟಷ್ಟೇ ಭಕ್ತಿಯಿಂದ. ಕೂದಲುಗಳು ಮಲಗುತ್ತಿದ್ದವು, ಕೆಮ್ಮು ಇಳಿಯುತ್ತಿತ್ತು, ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಿದ್ದರು.

"ಅತ್ತೆ, ಗುಡಿಸುವವರ ಕೈ ಕಟ್ಟಿ ಹಾಕಿದ್ರೆ ದೂಳು ಏಳೋದಿಲ್ಲ. ಅಷ್ಟಕ್ಕೇ ಮನೆ ಚೊಕ್ಕಟ ಆಯ್ತು ಅಂತೀರಾ?" ಎಂದು ನಾನು ಒಮ್ಮೆ ಕೇಳಿದೆ.

"ಏ ತಂಗಿ, ನಿನ್ನ ಪುಸ್ತಕದಾಗೆ ಏನಾರ ಬರ್ದಿರ್ಲಿ. ಹತ್ತು ಶ್ರಾವಣ ಕಣ್ಣಾರೆ ನೋಡೀನಿ. ಬೀಡಿ ಬಿಟ್ರೆ ಕೆಮ್ತಾನೆ, ಹಿಡಿದ್ರೆ ನಿಲ್ತೈತೆ. ಕಂಡಿದ್ದು ಸುಳ್ಳು ಅಂತೀಯೇನು?"

ಸುಳ್ಳಲ್ಲವಲ್ಲ, ಅದೇ ತೊಂದರೆ. ಅತ್ತೆ ಕಂಡದ್ದೆಲ್ಲ ನಿಜ. ನಿಜವನ್ನೇ ಇಟ್ಟುಕೊಂಡು ಇಷ್ಟು ಅಚ್ಚುಕಟ್ಟಾಗಿ ತಲೆಕೆಳಗಾದ ಮನೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಸುಳ್ಳು ಹೇಳುವವರ ಜೊತೆ ಜಗಳವಾಡಬಹುದು. ಗಮನವಿಟ್ಟು ನೋಡಿ, ನೆನಪಿಟ್ಟುಕೊಂಡು, ವರ್ಷ ವರ್ಷ ತಾಳೆ ಹಾಕಿ ತಪ್ಪು ಮಾಡುವವರ ಜೊತೆ ಏನು ಮಾಡುವುದು? ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಅತ್ತೆಯಷ್ಟು ಶ್ರದ್ಧೆಯಿಂದ ಗಮನಿಸಿದ್ದರೆ ಕಾಲೇಜಿನ ಫಲಿತಾಂಶ ಎಲ್ಲೋ ಇರುತ್ತಿತ್ತು.

ಗಂಡನಿಗೆ ಕಣ್ಣಾರೆ ತೋರಿಸಿಬಿಡೋಣ ಎಂದು ಒಂದು ಸಲ ಹಟ ಹಿಡಿದೆ. ಆಗೆಲ್ಲ ನಮ್ಮ ಪ್ರಾಯೋಗಿಕ ತರಗತಿಗೆ ಕಪ್ಪೆ ಕುಯ್ಯುತ್ತಿದ್ದರು. ಕಪ್ಪೆ ಕುಯ್ದ ದಿನ ತಲೆಗೆ ಸ್ನಾನ ಮಾಡದೆ ನಾನು ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಅತ್ತೆ ಹಂಡೆಯಲ್ಲಿ ನೀರು ಕಾಯಿಸಿಟ್ಟು ಬಾಗಿಲಲ್ಲೇ ಕಾದಿರುತ್ತಿದ್ದರು. ಕಪ್ಪೆಯ ಬಾಯಿಯ ಮೇಲ್ಭಾಗದಲ್ಲೂ ನಮ್ಮ ಶ್ವಾಸನಾಳದಲ್ಲಿರುವಂಥದೇ ಕೂದಲುಗಳಿವೆ. ಅದರ ಮೇಲೆ ಇದ್ದಿಲ ಪುಡಿ ಚಿಟಿಕೆ ಉದುರಿಸಿದರೆ ಪುಡಿ ತಾನಾಗಿ ಗಂಟಲಿನ ಕಡೆ ಸಾಗುತ್ತದೆ. ಒಂದು ಶನಿವಾರ ಮಧ್ಯಾಹ್ನ ಅವರನ್ನು ಕಾಲೇಜಿಗೆ ಕರೆದುಕೊಂಡು ಹೋಗಿ ಪ್ರಯೋಗಶಾಲೆಯ ಮೇಜಿನ ಮುಂದೆ ನಿಲ್ಲಿಸಿದೆ.

ಪುಡಿ ನಡೆಯುವುದನ್ನು ಕಂಡು ಅವರು ನಿಜಕ್ಕೂ ಬೆರಗಾದರು. ಬಗ್ಗಿ ನೋಡಿದರು, ಕನ್ನಡಕ ಏರಿಸಿ ನೋಡಿದರು. "ಇದನ್ನ ಯಾರು ತಳ್ತಾ ಇರೋದು?" ಎಂದರು.

"ಕೂದಲು. ನಿಮ್ಮ ಎದೆಯೊಳಗೂ ಹೀಗೇ ತಳ್ತಾ ಇರ್ತವೆ, ನೀವು ಬಿಟ್ರೆ. ಈಗ ಬೀಡಿ ಹಚ್ಚಿ ಇದರ ಮೇಲೆ ಹೊಗೆ ಬಿಡಿ."

ಹಚ್ಚಿದರು, ಬಿಟ್ಟರು. ಮತ್ತೆ ಬಿಟ್ಟರು. ಪುಡಿಯ ನಡಿಗೆ ನಿಧಾನವಾಯಿತು, ತಡವರಿಸಿತು. ಕೊನೆಗೆ ಅಲ್ಲಲ್ಲೇ ನಿಂತಿತು. ನಾನು ಗೆದ್ದೆ ಎಂದುಕೊಂಡೆ. ಎಷ್ಟು ವರ್ಷಗಳ ಮಾತು ಒಂದು ಕಪ್ಪೆಯಿಂದ ಮುಗಿಯಿತಲ್ಲ ಎಂದು ಮೈ ಹಗುರಾಯಿತು.

ಅವರು ಬೀಡಿ ಆರಿಸಿ, "ಪಾಪ, ಅದಕ್ಕೆ ಅಭ್ಯಾಸ ಇಲ್ಲ ಕಣೇ" ಎಂದರು.

"ಏನು?"

"ಕಪ್ಪೆಗೆ. ಹೊಸದಾಗಿ ಸೇದಿದಾಗ ನಂಗೂ ಹಿಂಗೇ ತಲೆ ತಿರುಗಿತ್ತು."

ಇಂಥ ಮನುಷ್ಯನ ಜೊತೆ ಸಂಸಾರ ಮಾಡಬೇಕು. ಮನೆಗೆ ಬಂದ ಮೇಲೆ ಅವ್ವನಿಗೂ ಇದೇ ಕಥೆ ಹೇಳಿ ನಕ್ಕರು. ಅತ್ತೆ ನಗಲಿಲ್ಲ, ಮಗನಿಗೂ ತಲೆಗೆ ಸ್ನಾನ ಮಾಡಿಸಿದರು. ಆಮೇಲೆ ಎಷ್ಟೋ ತಿಂಗಳು ನಾನು ಏನು ಹೇಳಿದರೂ "ಆತು ಕಪ್ಪೆ ಮೇಡಮ್ಮಾರೆ" ಎಂಬ ಉತ್ತರ ಸಿಗುತ್ತಿತ್ತು.

ಇನ್ನೊಂದು ವರ್ಷ ಹೊಸ ಉಪಾಯ ಮಾಡಿದೆ. ವಿಜ್ಞಾನ ಬೇಡ, ಅವರ ದಾರಿಯಲ್ಲೇ ಹೋಗೋಣ ಎಂದುಕೊಂಡು, ಶ್ರಾವಣದ ವ್ರತವನ್ನು ದೀಪಾವಳಿಯವರೆಗೆ ಮುಂದುವರಿಸುವಂತೆ ಅವರಿಂದ ಮಾತು ತೆಗೆದುಕೊಂಡೆ. ಅಷ್ಟು ಕಾಲ ಸಿಕ್ಕರೆ ಕಸವೆಲ್ಲ ಹೊರಗೆ ಬಂದು ಕೆಮ್ಮು ತಾನಾಗಿ ಇಳಿಯುತ್ತದೆ, ಅತ್ತೆ ಕಣ್ಣಾರೆ ಕಾಣುತ್ತಾರೆ ಎಂಬುದು ನನ್ನ ಲೆಕ್ಕ. ಗಂಡನೂ ಒಪ್ಪಿದರು. ಅಮಾವಾಸ್ಯೆ ಕಳೆಯಿತು. ಅತ್ತೆ ತಂದಿಟ್ಟ ಬೀಡಿ ಕಟ್ಟನ್ನು ಅವರು ಮುಟ್ಟಲಿಲ್ಲ. ಗೌರಿ ಬಂದಳು, ಗಣಪ ಬಂದ, ಕೆಮ್ಮು ಮಾತ್ರ ಹೋಗಲಿಲ್ಲ. ಗಣಪನನ್ನು ನೋಡಲು ಬಂದವರೆಲ್ಲ ಇವರ ಕೆಮ್ಮು ಕೇಳಿ, "ಇದೇನು ಹಿಂಗಾಗ್ಯಾರೆ?" ಎನ್ನುವರು. ಅತ್ತೆ ನನ್ನ ಕಡೆ ಕಣ್ಣು ತಿರುಗಿಸುವರು. ಆ ನೋಟದಲ್ಲಿ ನಾನು ಗಂಡನನ್ನು ಕೊಲ್ಲುತ್ತಿರುವ ಹೆಂಗಸಾಗಿದ್ದೆ.

"ಇನ್ನು ಸ್ವಲ್ಪ ದಿನ ಮಾರಾಯ್ರೆ, ಕೆಮ್ಮಿದಷ್ಟೂ ಒಳ್ಳೇದು" ಎಂದು ನಾನು ಹೇಳುತ್ತಲೇ ಇದ್ದೆ. ಕೆಮ್ಮಿದಷ್ಟೂ ಒಳ್ಳೆಯದು ಎನ್ನುವ ಹೆಂಡತಿಯನ್ನು ಯಾವ ಊರಿನಲ್ಲಿ ಒಪ್ಪುತ್ತಾರೆ ಹೇಳಿ.

ಒಂದು ಸಂಜೆ ಕಾಲೇಜಿನಿಂದ ಬಂದಾಗ ಮನೆ ಶಾಂತವಾಗಿತ್ತು. ಗಂಡ ಜಗಲಿಯಲ್ಲಿ ಗೋಡೆಗೊರಗಿ ಬೀಡಿ ಸೇದುತ್ತಿದ್ದರು. ಅತ್ತೆ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದರು. ಮಗ ಉಬ್ಬಸಪಡುವುದನ್ನು ನೋಡಲಾರದೆ ತಾವೇ ಕಡ್ಡಿ ಗೀರಿ ಕೊಟ್ಟಿದ್ದರಂತೆ.

"ನೋಡು, ಹೆಂಗೆ ತಣ್ಣಗಾತು" ಎಂದರು ನನ್ನನ್ನು ಕಂಡು. ಗೆದ್ದೆನೆಂಬ ದನಿಯಲ್ಲ, ದೊಡ್ಡ ಗಂಡಾಂತರ ತಪ್ಪಿತು ಎಂಬ ದನಿ. ಕಣ್ಣಲ್ಲಿ ನೀರಿತ್ತು. ಅದು ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಬೀಡಿ ಕಟ್ಟನ್ನು ಕಿತ್ತುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದೆ. ಒಲೆಯಲ್ಲಿ ಹಸಿ ಸೌದೆ ಇತ್ತು. ಇಡೀ ಕಟ್ಟು ಒಟ್ಟಿಗೆ ಹೊಗೆಯಾಡಿ ಮನೆ ತುಂಬಿತು. ಆ ಸಂಜೆ ನಾವು ಮೂವರೂ, ನಾನೇ ಎಲ್ಲರಿಗಿಂತ ಜೋರಾಗಿ, ಕೆಮ್ಮಿದೆವು.

"ಇದ್ಯಾವ ಶ್ರಾವಣ ಮಾರಾಯ್ತಿ?" ಎಂದು ಗಂಡ ಕೇಳಿದರು. ಆಮೇಲೆ ಕೆಲವು ವರ್ಷ ಆ ವಿಷಯವನ್ನೇ ಎತ್ತಲಿಲ್ಲ. ಶ್ರಾವಣ ಬಂದಾಗ ಕೆಮ್ಮು ಕೇಳುತ್ತಿದ್ದೆ, ಹೋದಾಗ ಬೀಡಿಯ ವಾಸನೆ ಕುಡಿಯುತ್ತಿದ್ದೆ. ತರಗತಿಯಲ್ಲಿ ಆ ಪಾಠ ಬಂದಾಗ ಬೇಗ ಬೇಗ ಮುಗಿಸುತ್ತಿದ್ದೆ.

ಅಷ್ಟರಲ್ಲಿ ಅವರಿಗೆ ಚಳಿಗಾಲದ ಜ್ವರ ತಪ್ಪದ ನೆಂಟನಾಗಿತ್ತು. ಪ್ರತಿ ಸಲ ಎದ್ದಾಗಲೂ ಮೊದಲಿಗಿಂತ ಸ್ವಲ್ಪ ಕಡಿಮೆಯಾಗಿಯೇ ಏಳುತ್ತಿದ್ದರು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಯಾರಾದರೂ ಪರಿಚಯದವರು ಸಿಕ್ಕರೆ ಈಗ ತಾವಾಗಿ ನಿಂತು ಹೆಚ್ಚು ಹೊತ್ತು ಮಾತಾಡುತ್ತಿದ್ದರು. ಮಾತಿನ ಚಪಲ ಎಂದು ಊರವರು ತಿಳಿದರು. ಉಸಿರಿಗಾಗಿ ನಿಲ್ಲುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಕೇಳಿದರೆ, "ನಿಂಗೆ ಎಲ್ಲದ್ರಾಗೂ ಕಪ್ಪೆನೇ ಕಾಣ್ತೈತೆ" ಎನ್ನುತ್ತಿದ್ದರು.

ದಶಕ ಮುಗಿಯುತ್ತ ಬಂದ ಒಂದು ಸುಗ್ಗಿಯಲ್ಲಿ ನಾನು ತವರಿಗೆ ಹೋಗಿದ್ದೆ. ತಮ್ಮನ ಮಗುವಿಗೆ ತೊಟ್ಟಿಲು. ಮಧ್ಯಾಹ್ನ ಹೋಳಿಗೆ ಊಟವನ್ನು ಡಬ್ಬಿಗೆ ತುಂಬಿಕೊಂಡು ಮಾರ್ಕೆಟ್ ಯಾರ್ಡಿಗೆ ನಡೆದೆ. ಅಡಿಕೆಯ ಅಂಗಡಿಗಳನ್ನು ದಾಟಿ ಭತ್ತದ ಕಟ್ಟೆಯ ಹತ್ತಿರ ಬಂದಾಗ ಅವರು ಒಬ್ಬ ರೈತನ ಎದುರು ಕೂತಿದ್ದರು. ಅಂಜನಾಪುರದ ಕಡೆಯ ಹಿರಿಯ, ಮೊದಲಿನಿಂದ ಇವರಿಗೇ ಭತ್ತ ಕೊಡುತ್ತಿದ್ದವನು. ಇಬ್ಬರ ಬೀಡಿಯೂ ಮುಗಿದಿತ್ತು. ಅವರು ಕಾಳು ಹೊಸಕುತ್ತಿದ್ದರು. ವ್ಯಾಪಾರದ ನಡುವೆ ಹೋಗಬಾರದೆಂದು ನಾನು ಕಂಬದ ಪಕ್ಕ ನಿಂತೆ.

ಅಂಗೈ ಬಾಯಿಯ ಹತ್ತಿರ ತಂದು ಊದಿದರು. ಹೊಟ್ಟು ಅಲುಗಾಡಿತು, ಹಾರಲಿಲ್ಲ.

ಅವರು ತಮ್ಮ ಅಂಗೈಯನ್ನೇ ನೋಡಿದರು. ಭತ್ತ ಹಸಿಯಿದೆಯೇನೋ ಎನ್ನುವಂತೆ ಬೆರಳಾಡಿಸಿ, ಎದೆ ಎತ್ತಿ ಉಸಿರು ತುಂಬಿಕೊಂಡು ಮತ್ತೆ ಊದಿದರು. ಕೊಳವೆಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡಂತೆ ಸುಯ್ ಎಂಬ ಸದ್ದು ಬಂತು. ಒಂದೆರಡು ಹೊಟ್ಟು ಜಾರಿ ಮಣಿಕಟ್ಟಿನ ಮೇಲೆ ಬಿದ್ದವು. ಪಕ್ಕದ ಕಟ್ಟೆಯಲ್ಲಿ ತೂಕ ಮಾಡುತ್ತಿದ್ದವರು ಮುಖ ತಿರುಗಿಸಿಕೊಂಡರು. ಆಗ ಆ ರೈತ ಏನೂ ಆಗದವನಂತೆ ಮುಂದೆ ಬಾಗಿ, ನನ್ನ ಗಂಡನ ಅಂಗೈಗೆ ತಾನೇ ಫೂ ಎಂದು ಊದಿದ. ಜೊಳ್ಳೆಲ್ಲ ಹಾರಿಹೋಯಿತು.

"ಈಗ ನೋಡ್ರೀ" ಎಂದ ಮೆಲ್ಲಗೆ. "ಗಟ್ಟಿ ಕಾಳು ಐತೆ."

ಅವನಿಗೆ ಮೋಸದ ಯೋಚನೆ ಇರಲಿಲ್ಲ. ಮರ್ಯಾದೆ ಉಳಿಸಲೆಂದೇ ಮಾಡಿದ. ಆದರೆ ಕೊಳ್ಳುವವನ ಕೈಗೆ ಮಾರುವವನು ಊದಿದ್ದನ್ನು ಯಾರ್ಡೆಲ್ಲ ನೋಡಿತ್ತು. ನನ್ನ ಗಂಡ ಅವನು ಹೇಳಿದ ದರವನ್ನು ಹಾಗೆಯೇ ಒಪ್ಪಿದರು. ಡಬ್ಬಿ ಬಿಚ್ಚಿದರೆ ಊಟ ಸೇರಲಿಲ್ಲ. ನಾನು ನೋಡಿದ್ದೇನೆಂದು ಅವರಿಗೆ ಗೊತ್ತಿತ್ತು. ಗೊತ್ತಿದೆಯೆಂದು ನನಗೂ ಗೊತ್ತಿತ್ತು. ಸಂಜೆ ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಅಭ್ಯಾಸದಂತೆ ಜೇಬಿಗೆ ಕೈಹಾಕಿದರು, ಬೀಡಿ ಕಟ್ಟು ತೆಗೆದರು, ಕಿಟಕಿಯಿಂದಾಚೆ ಹಾಕಿದರು. ಶ್ರಾವಣ ಇನ್ನೂ ಎಷ್ಟೋ ದೂರವಿತ್ತು.

ಇಷ್ಟು ವರ್ಷ ಕಾದಿದ್ದ ಗಳಿಗೆ ಅದು. ನನಗೆ ಸಂತೋಷ ಆಗಬೇಕಿತ್ತು. ಕೋಪ ಬಂತು. ನಾನು ಹೇಳಿದಾಗ ಬಿಡಲಿಲ್ಲ, ಕಪ್ಪೆ ಹೇಳಿದಾಗ ಬಿಡಲಿಲ್ಲ, ಮೈಯೇ ಕೂಗಿ ಹೇಳಿದಾಗಲೂ ಬಿಡಲಿಲ್ಲ. ಯಾರ್ಡಿನಲ್ಲಿ ನಾಲ್ಕು ಜನ ನೋಡಿದರೆಂದು ಬಿಟ್ಟರು. ಬಸ್ಸಿನಲ್ಲೇ ಅವರ ಹೆಗಲು ಹಿಡಿದು ಅಲ್ಲಾಡಿಸಬೇಕೆನಿಸಿತು. ಸುಮ್ಮನೆ ಅವರ ಕೈ ಹಿಡಿದುಕೊಂಡು ಕೂತೆ. ಹಿಂದಿನ ಸೀಟಿನವರು ನೋಡುತ್ತಿದ್ದರೂ ಅವರು ಬಿಡಿಸಿಕೊಳ್ಳಲಿಲ್ಲ.

ಶಿವಮೊಗ್ಗದಲ್ಲಿ ಎದೆಯ ಡಾಕ್ಟರಿಗೆ ತೋರಿಸಿದೆವು. ಫೋಟೋ ತೆಗೆದರು, ಯಂತ್ರಕ್ಕೆ ಊದಿಸಿದರು. ನಾನು ಜೀವಶಾಸ್ತ್ರದವಳೆಂದು ತಿಳಿದು, ಗಂಡನನ್ನು ಹೊರಗೆ ಕೂರಿಸಿ ಡಾಕ್ಟರು ನನಗೆ ಬಿಡಿಸಿ ಹೇಳಿದರು.

"ಗಾಳಿಚೀಲಗಳು ಸಡಿಲ ಆಗಿವೆ ಮೇಡಂ, ಅದು ವಾಪಸ್ ಬರಲ್ಲ. ಉಸಿರಿನ ಕೊಳವೆಯ ಒಳಪದರದಲ್ಲಿ ಮಾತ್ರ ಇನ್ನೂ ಆಸೆ ಇಟ್ಕೋಬಹುದು. ಹೊಗೆ ನಿಂತ ಮೇಲೆ ಕೆಲವು ಕಡೆ ಸಿಲಿಯಾ ಮತ್ತೆ ಬರ್ತವೆ, ಕೆಲವು ಕಡೆ ಬರಲ್ಲ. ಅವರಿಗೆ ಎಷ್ಟು ಉಳಿದಿದೆ ಅಂತ ಹೊರಗಿಂದ ಹೇಳೋಕೆ ಆಗಲ್ಲ. ಮುಖ್ಯವಾಗಿ ಇನ್ನು ಬೀಡಿ ಮುಟ್ಟಬಾರದು."

"ಬಿಟ್ಟ ಮೇಲೆ ಮೊದಮೊದಲು ಕೆಮ್ಮು ಹೆಚ್ಚಾಗ್ತದಲ್ಲ?" ಎಂದೆ.

"ಕೆಲವರಿಗೆ ಆಗತ್ತೆ. ಕೆಲವರಿಗೆ ಆಗಲ್ಲ. ಅದರ ಮೇಲೆ ಏನೂ ತೀರ್ಮಾನ ಮಾಡಬೇಡಿ."

ತೀರ್ಮಾನ ಮಾಡಬಾರದೆಂದು ನನಗೂ ಗೊತ್ತು. ಆದರೆ ಹತ್ತಾರು ಶ್ರಾವಣಗಳಲ್ಲಿ ಅವರಿಗೆ ಆಗಿತ್ತಲ್ಲ. ಬಿಟ್ಟ ವಾರದೊಳಗೆ ಕೆಮ್ಮು ಏರದೆ ಇದ್ದ ವರ್ಷವೇ ಇರಲಿಲ್ಲ. ಮನೆಗೆ ಬಂದ ಮೇಲೆ ನಾನು ಕಾಯತೊಡಗಿದೆ. ಬೆಳಿಗ್ಗೆ ಚಹಾ ಸೋಸುವಾಗ ಕಿವಿ ಜಗಲಿಯ ಕಡೆ. ಪಾತ್ರೆಯ ಸದ್ದಾದರೆ ಕೆಲಸದವಳಿಗೆ ಗದರುತ್ತಿದ್ದೆ. ಮೊದಲ ವಾರ ಹೋಯಿತು, ಇನ್ನೊಂದೂ ಹೋಯಿತು. ತಿಂಗಳು ತುಂಬುತ್ತ ಬಂತು. ಅವರು ಕೆಮ್ಮಲಿಲ್ಲ. ಉಸಿರಾಡುವಾಗ ಎದೆಯಲ್ಲಿ ಗೊರಗೊರ ಎನ್ನುತ್ತಿತ್ತು. ಲೋಳೆ ಇತ್ತು. ಅದನ್ನು ಮೇಲಕ್ಕೆ ತಳ್ಳುವವರು ಯಾರೂ ಇದ್ದಂತೆ ಕಾಣಲಿಲ್ಲ.

ಅತ್ತೆಗೆ ಹಿಡಿಸಲಾರದ ಖುಷಿ. ಜನ್ಮದಲ್ಲಿ ಮೊದಲ ಸಲ ಮಗ ಬೀಡಿ ಬಿಟ್ಟರೂ ಮನೆ ತಣ್ಣಗಿದೆ. ಅದಕ್ಕೂ ಅವರ ಹತ್ತಿರ ಕಾರಣ ಸಿದ್ಧವಾಗಿತ್ತು. "ವ್ರತ ಅಂತ ಬಿಟ್ರೆ ಶಿವ ಪರೀಕ್ಷೆ ಮಾಡ್ತಾನೆ. ಈ ಸಲ ಮನಸಾರೆ ಬಿಟ್ಟಾನೆ, ಅದ್ಕೆ ಒಂದು ಕೆಮ್ಮೂ ಇಲ್ಲ" ಎಂದು ಬಂದವರಿಗೆಲ್ಲ ಹೇಳಿದರು. ಒಂದು ಸೋಮವಾರ ಬೆಳಿಗ್ಗೆಯೇ ಅಕ್ಕಪಕ್ಕದ ಮನೆಗಳಿಗೆ ಹಂಚಲೆಂದು ಹೋಳಿಗೆ ಮಾಡಲು ನಿಂತರು. "ನೀನು ಹೇಳಿದ್ದೇ ಖರೆ ಆತು ತಂಗಿ, ಬೀಡಿ ಬಿಟ್ರೆ ಏನೂ ಆಗಲ್ಲ" ಎಂದು ನನ್ನ ಬಾಯಿಗೂ ಒಂದು ತುಂಡು ಇಟ್ಟರು. ಬಂದ ವರ್ಷದಿಂದ ನನ್ನ ಮಾತನ್ನು ಅವರು ಒಪ್ಪಿದ್ದು ಅದೊಂದೇ ಸಲ. ಬೇಡ ಅತ್ತೆ, ಒಪ್ಪಬೇಡಿ, ಈ ಸಲ ನಿಮ್ಮದೇ ನಿಜವಾಗಲಿ, ಕೆಮ್ಮು ಬರಲಿ ಎಂದು ಕೂಗಬೇಕೆನಿಸಿತು.

ಕಾಲೇಜಿಗೆ ಹೊರಟವಳು ಜಗಲಿಗೆ ಬಂದಾಗ ಗಂಡ ಗೋಡೆಗೊರಗಿ ಕೂತಿದ್ದರು. ಸೊರಬದ ಬಸ್ಸು ಆಗಲೇ ಹೋಗಿತ್ತು, ಅವರು ಹತ್ತಿರಲಿಲ್ಲ. ಅವರು ಒಳಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಾ ಎಂದು ಕಣ್ಣಲ್ಲೇ ಕರೆದರು.

"ಏ, ಇನ್ನೂ ಕೆಮ್ಮು ಬಂದಿಲ್ಲಲ್ಲ" ಎಂದರು, ದನಿ ತಗ್ಗಿಸಿ.

ನಾನು ಚಪ್ಪಲಿ ಮೆಟ್ಟುವುದನ್ನು ನಿಲ್ಲಿಸಿದೆ. ಅವರ ಮುಖದಲ್ಲಿ ಕೀಟಲೆ ಇರಲಿಲ್ಲ.

"ಕಸ ಮ್ಯಾಲೆ ತರಾಕೆ ಒಂದು ಕೂದಲೂ ಉಳಿದಿಲ್ಲ ಅಂತಾನಾ?"

ಅಷ್ಟೂ ವರ್ಷ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದರು. ನಗುತ್ತ, ಕಿಚಾಯಿಸುತ್ತ, ಹೊಗೆ ಬಿಡುತ್ತ ಎಲ್ಲವನ್ನೂ ಪಾಠದ ಹಾಗೆ ಒಳಗಿಟ್ಟುಕೊಂಡಿದ್ದರು. ನಾನು ಕಾಯುತ್ತಿದ್ದ ಸದ್ದಿಗೆ ಅವರೂ ಪ್ರತಿ ಬೆಳಿಗ್ಗೆ ಅಲ್ಲೇ ಕೂತು ಕಾಯುತ್ತಿದ್ದರು. ಅವರ ಮೇಲಿನ ಕೋಪವೆಲ್ಲ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಅಳು ಮಾತ್ರ ಬಂತು.

"ಬರ್ತದೆ ಕಣ್ರೀ. ಈ ಸಲ ಸ್ವಲ್ಪ ತಡ ಅಷ್ಟೇ" ಎಂದೆ.

ಅವರು ತಲೆಯಾಡಿಸಿದರು. ಆಮೇಲೆ, ಒಳಗೆ ಹೋಳಿಗೆ ಬೇಯಿಸುತ್ತಿದ್ದ ಅವ್ವನಿಗೆ ಕೇಳದ ಹಾಗೆ ಬಾಯಿಗೆ ಟವೆಲ್ಲು ಹಿಡಿದುಕೊಂಡು, ತಾವೇ ಒಮ್ಮೆ ಕೆಮ್ಮಿ ನೋಡಿದರು.